ಮೆಟ್ರೋ ಕಾಮಗಾರಿಯ ಹಾದಿಯಲ್ಲಿ ನಿತ್ಯದ ಓಡಾಟವನ್ನು ಯೋಜಿಸಿಕೊಳ್ಳುವುದು ಹೇಗೆ?

ಬೆಂಗಳೂರಿನ ಯಾವುದೇ ಮೆಟ್ರೋ ಕಾಮಗಾರಿಯ ಆಸುಪಾಸಿನಲ್ಲಿ ಮನೆಯೋ ಕಚೇರಿಯೋ ಮಕ್ಕಳ ಶಾಲೆಯೋ ಇರುವವರಿಗೆ ಎರಡು ಕಷ್ಟಗಳು ಒಟ್ಟಿಗೆ ಎದುರಾಗುತ್ತವೆ. ರಸ್ತೆ ಕಿರಿದಾಗಿ ಇರುವ ಬಸ್ಸೂ ನಿಧಾನವಾಗುತ್ತದೆ; ಬರಬೇಕಾದ ರೈಲು ಹೇಳಿದ ದಿನಕ್ಕೆ ಬರುವುದಿಲ್ಲ. ಮೊದಲನೆಯದಕ್ಕೆ ಜನ ಹೇಗೋ ಹೊಂದಿಕೊಳ್ಳುತ್ತಾರೆ. ಎರಡನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿಯದೆ, ಪತ್ರಿಕೆಯಲ್ಲಿ ಬಂದ ಗಡುವನ್ನೇ ನಂಬಿ ಬಾಡಿಗೆ ಮನೆ ಬದಲಿಸುವುದು, ಇದ್ದ ಸ್ಕೂಟರ್ ಮಾರುವುದು, ಶಾಲೆಯ ವ್ಯಾನ್ ಬಿಡಿಸುವುದು ಮುಂತಾದ ನಿರ್ಧಾರಗಳನ್ನು ಮಾಡಿ ಇಕ್ಕಟ್ಟಿಗೆ ಸಿಲುಕುತ್ತಾರೆ. ಇಲ್ಲಿ ಕೊಟ್ಟಿರುವ ಸಲಹೆಗಳೆಲ್ಲ ಒಂದು ಸರಳ ವಿಚಾರದ ಮೇಲೆ ನಿಂತಿವೆ: ಘೋಷಿತ ದಿನಾಂಕವನ್ನು ಬದಿಗಿಟ್ಟು, ಕಾಮಗಾರಿ ಈಗ ಯಾವ ಹಂತದಲ್ಲಿದೆ ಎಂಬುದನ್ನು ಕಣ್ಣಾರೆ ನೋಡಿ, ಅದಕ್ಕೆ ತಕ್ಕಂತೆ ಓಡಾಟವನ್ನು ಏರ್ಪಡಿಸಿಕೊಳ್ಳಬೇಕು.

ಕಾಮಗಾರಿ ಯಾವ ಹಂತದಲ್ಲಿದೆ ಎಂದು ಗುರುತಿಸುವುದು

ಎತ್ತರಿಸಿದ ಮಾರ್ಗದ ಕೆಲಸ ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ಸಾಗುತ್ತದೆ. ಮೊದಲು ಮಣ್ಣಿನ ಪರೀಕ್ಷೆ ನಡೆಯುತ್ತದೆ. ಬಳಿಕ ಜಲಮಂಡಳಿಯ ಕೊಳವೆ, ಒಳಚರಂಡಿ, ಬೆಸ್ಕಾಂ ಕೇಬಲ್ ಮತ್ತು ದೂರವಾಣಿ ತಂತಿಗಳನ್ನು ಪಕ್ಕಕ್ಕೆ ಸರಿಸಲಾಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಕಾಮಗಾರಿಯೇ ಅಲ್ಲವೆನಿಸಬಹುದು. ಅಗೆದ ಜಾಗವನ್ನೇ ಮತ್ತೆ ಅಗೆಯುತ್ತಿರುವಂತೆ ಕಾಣುತ್ತದೆ. ಆದರೆ ವೇಳಾಪಟ್ಟಿ ಕೈತಪ್ಪುವುದು ಹೆಚ್ಚಾಗಿ ಇಲ್ಲಿಯೇ. ನೆಲದಡಿ ಏನೇನು ಎಲ್ಲೆಲ್ಲಿದೆ ಎಂಬುದರ ನಕ್ಷೆಗಳು ಅಪೂರ್ಣವಾಗಿರುತ್ತವೆ, ಒಂದೊಂದು ಕೊಳವೆಗೂ ಒಂದೊಂದು ಇಲಾಖೆಯ ಒಪ್ಪಿಗೆ ಬೇಕಾಗುತ್ತದೆ, ಅದರ ಜೊತೆಗೆ ಭೂಸ್ವಾಧೀನ ಹಾಗೂ ಮರ ಕಡಿಯುವ ಅನುಮತಿಯ ತಕರಾರುಗಳೂ ಸೇರಿಕೊಳ್ಳುತ್ತವೆ. ನಿಮ್ಮ ರಸ್ತೆ ಈ ಹಂತದಲ್ಲಿದ್ದರೆ ರೈಲಿನ ಮಾತನ್ನೇ ಮರೆತು, ಹಲವು ವರ್ಷಗಳ ಮಟ್ಟಿಗೆ ಬೇರೆ ದಾರಿಯನ್ನು ಗೊತ್ತುಮಾಡಿಕೊಳ್ಳುವುದು ಲೇಸು.

ನಂತರ ರಸ್ತೆಯ ನಡುವೆ ಬ್ಯಾರಿಕೇಡ್ ಏಳುತ್ತದೆ, ಅದರೊಳಗೆ ಅಡಿಪಾಯಕ್ಕಾಗಿ ನೆಲವನ್ನು ಆಳಕ್ಕೆ ಕೊರೆಯುವ ಪೈಲಿಂಗ್ ಯಂತ್ರಗಳು ನಿಲ್ಲುತ್ತವೆ. ಪೈಲ್ ಮತ್ತು ಪಿಲ್ಲರ್‌ನ ಈ ಕಾಲದಲ್ಲಿ ರಸ್ತೆಯ ಅಗಲ ಎಲ್ಲಕ್ಕಿಂತ ಕಡಿಮೆ ಇರುತ್ತದೆ, ಬಸ್ಸಿನ ವೇಗವೂ ಅಷ್ಟೇ ಕುಸಿಯುತ್ತದೆ. ಪಿಲ್ಲರ್‌ಗಳು ಎದ್ದು ತಲೆಯ ಭಾಗದ ಕೆಲಸವೂ ಮುಗಿದ ಮೇಲೆ ಲಾಂಚಿಂಗ್ ಗರ್ಡರ್ ಎಂಬ ನೀಳವಾದ ಕಬ್ಬಿಣದ ಯಂತ್ರವೋ ಭಾರಿ ಕ್ರೇನ್‌ಗಳೋ ಬಂದು, ಯಾರ್ಡಿನಲ್ಲಿ ಎರಕ ಹೊಯ್ದು ತಂದ ಕಾಂಕ್ರೀಟ್ ತುಂಡುಗಳನ್ನು ಪಿಲ್ಲರಿನಿಂದ ಪಿಲ್ಲರಿಗೆ ಜೋಡಿಸತೊಡಗುತ್ತವೆ. ಈ ಕೆಲಸ ಹೆಚ್ಚಾಗಿ ರಾತ್ರಿ ನಡೆಯುವುದರಿಂದ ತಡರಾತ್ರಿ ಪಾಳಿಯವರಿಗೆ ತೊಂದರೆ ಹೆಚ್ಚು, ಹಗಲಿನ ಪ್ರಯಾಣಿಕರಿಗೆ ಕಡಿಮೆ. ಬ್ಯಾರಿಕೇಡ್ ಒಳಸರಿದು ರಸ್ತೆಯ ಒಂದು ಪಥ ಮರಳಿ ಸಿಗುವುದು ಇದಾದ ಬಳಿಕವೇ. ಜಂಕ್ಷನ್‌ಗಳಲ್ಲಿ ಮತ್ತು ನಿಲ್ದಾಣ ಕಟ್ಟುವ ಜಾಗಗಳಲ್ಲಿ ಮಾತ್ರ ಅದು ಇನ್ನಷ್ಟು ತಡವಾಗುತ್ತದೆ. ಆದ್ದರಿಂದ ನಿಮ್ಮ ಮನೆಯ ಮುಂದಿನ ಒಂದು ಪಿಲ್ಲರನ್ನು ನೋಡಿ ಅಂದಾಜು ಮಾಡಬೇಡಿ. ಇಡೀ ಮಾರ್ಗದಲ್ಲಿ ಅತ್ಯಂತ ಹಿಂದುಳಿದ ಜಾಗ ಯಾವುದೆಂದು ಹುಡುಕಿ ನೋಡಿ, ಏಕೆಂದರೆ ರೈಲು ಓಡುವ ದಿನವನ್ನು ತೀರ್ಮಾನಿಸುವುದು ಆ ಜಾಗ. ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರಕ್ಕೆ ಇರುವ ಎರಡು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ಬೆನ್ನಿಗಾನಹಳ್ಳಿ ಬಳಿ ರೈಲ್ವೆ ಹಳಿಗಳ ಮೇಲೆ ಕಬ್ಬಿಣದ ಸೇತುವೆ ಕೂರಿಸಬೇಕಿತ್ತು. ಅದು ಬಾಕಿಯಿದ್ದ ಕಾರಣ ಎರಡೂ ಕಡೆ ಮಾರ್ಗ ಸಿದ್ಧವಾಗಿದ್ದರೂ ನಡುವೆ ರೈಲು ಓಡಲಿಲ್ಲ.

ಸುರಂಗ ಮಾರ್ಗದ ಲೆಕ್ಕ ಬೇರೆ. ಸುರಂಗ ಕೊರೆಯುವ ಯಂತ್ರ ನೆಲದಡಿ ಸಾಗುವಾಗ ಮೇಲಿನ ರಸ್ತೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಅಪರೂಪಕ್ಕೆ ನೆಲ ಕುಸಿದದ್ದುಂಟು. ನಿಜವಾದ ತೊಂದರೆ ಬರುವುದು ನಿಲ್ದಾಣಗಳಿಂದ. ಅವುಗಳಿಗಾಗಿ ರಸ್ತೆಯನ್ನೇ ತೆರೆದು ಅಗೆಯಬೇಕಾಗುತ್ತದೆ. ಎಂ.ಜಿ. ರಸ್ತೆಯ ಸುರಂಗ ನಿಲ್ದಾಣಕ್ಕಾಗಿ ಕಾಮರಾಜ್ ರಸ್ತೆಯ ಒಂದು ಭಾಗವನ್ನು 2019ರಲ್ಲಿ ಮುಚ್ಚಲಾಯಿತು. ಅದು ಭಾಗಶಃ ತೆರೆದದ್ದು 2024ರಲ್ಲಿ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದಲ್ಲಿ 13 ಕಿಲೋಮೀಟರಿಗೂ ಹೆಚ್ಚು ದೂರ ನೆಲದಡಿಯಲ್ಲಿದೆ. ಅಲ್ಲಿ 2020ರಲ್ಲಿ ಶುರುವಾದ ಕೊರೆಯುವ ಕೆಲಸ 2024ರ ಅಕ್ಟೋಬರ್‌ನಲ್ಲಿ ಮುಗಿಯಿತು, ಆದರೆ ಅದಾದ ಮೇಲೂ ನಿಲ್ದಾಣ, ಹಳಿ, ಗಾಳಿ ವ್ಯವಸ್ಥೆ, ಸಿಗ್ನಲ್ ಇತ್ಯಾದಿ ಕೆಲಸಗಳು ಉಳಿದಿದ್ದವು. ‘ಸುರಂಗ ಪೂರ್ಣ’ ಎಂಬ ತಲೆಬರಹ ಕಂಡೊಡನೆ ಮನೆ ಮಾಲೀಕರು ಬಾಡಿಗೆ ಏರಿಸುತ್ತಾರೆ. ಬಾಡಿಗೆದಾರರು ಅಷ್ಟು ಅವಸರಪಡಬೇಕಿಲ್ಲ.

ಪಿಲ್ಲರು, ಹಳಿ, ನಿಲ್ದಾಣ ಎಲ್ಲವೂ ಸಿದ್ಧವಾಗಿ ಕಂಡರೂ ರೈಲು ಬರದಿರಬಹುದು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿಲೋಮೀಟರ್ ಉದ್ದದ ಹಳದಿ ಮಾರ್ಗ ಇದಕ್ಕೆ ಕಣ್ಣೆದುರಿನ ಉದಾಹರಣೆ. ಒಟ್ಟು 216 ಬೋಗಿಗಳ ಗುತ್ತಿಗೆಯನ್ನು 2019ರಲ್ಲಿ ಚೀನಾದ ಕಂಪನಿಗೆ ಕೊಡಲಾಗಿತ್ತು. ಆ ಕಂಪನಿ ಭಾರತದಲ್ಲಿ ಕಾರ್ಖಾನೆ ತೆರೆಯಬೇಕಿತ್ತು, ಅದು ಆಗಲಿಲ್ಲ. 2020ರ ಗಡಿ ಬಿಕ್ಕಟ್ಟಿನ ನಂತರದ ನಿರ್ಬಂಧಗಳೂ ಅಡ್ಡ ಬಂದವು. ಕೊನೆಗೆ ಪಶ್ಚಿಮ ಬಂಗಾಳದ ಕಾರ್ಖಾನೆಯೊಂದರ ಜೊತೆ ಹೊಂದಾಣಿಕೆಯಾಯಿತು. ಮೊದಲ ರೈಲು ಹೆಬ್ಬಗೋಡಿ ಡಿಪೊ ತಲುಪಿದ್ದು 2024ರ ಫೆಬ್ರುವರಿಯಲ್ಲಿ, ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಹೊಸೂರು ರಸ್ತೆಯ ಜನ ಅಷ್ಟು ದಿನವೂ ಖಾಲಿ ಹಳಿಗಳ ಕೆಳಗೆ ದಟ್ಟಣೆಯಲ್ಲಿ ನಿಂತರು. ಆದ್ದರಿಂದ ರಸ್ತೆಯ ಕೆಲಸ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ: ಎಷ್ಟು ರೈಲುಗಳು ಡಿಪೊಗೆ ಬಂದಿವೆ, ಸಿಗ್ನಲ್ ಪರೀಕ್ಷೆ ಎಲ್ಲಿಗೆ ಬಂದಿದೆ?

ಗುತ್ತಿಗೆದಾರರು ಬದಲಾದ ಸುದ್ದಿಗೂ ಕಿವಿಗೊಡಿ. ಗುಲಾಬಿ ಮಾರ್ಗದ ಎತ್ತರಿಸಿದ ಭಾಗದಲ್ಲಿ ಗುತ್ತಿಗೆದಾರರನ್ನು ಮಧ್ಯದಲ್ಲೇ ಬದಲಿಸಬೇಕಾಯಿತು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಗಿ 40 ತಿಂಗಳಲ್ಲಿ ಮುಗಿಯುವುದೆಂದು ಹೇಳಲಾಗಿದ್ದ ಉಪನಗರ ರೈಲಿನ ಮಲ್ಲಿಗೆ ಮತ್ತು ಕನಕ ಮಾರ್ಗಗಳಲ್ಲೂ 2025ರಲ್ಲಿ ಗುತ್ತಿಗೆದಾರರು ಹಿಂದೆ ಸರಿದರು. ಮರುಟೆಂಡರ್ ಎಂಬ ಪದ ಕಂಡರೆ ನಿಮ್ಮ ಅಂದಾಜಿಗೆ ಕನಿಷ್ಠ ಒಂದು ವರ್ಷ ಸೇರಿಸಿಕೊಳ್ಳುವುದು ನನ್ನ ಪ್ರಕಾರ ತಪ್ಪಲ್ಲ.

ಇಷ್ಟೆಲ್ಲದರ ನಡುವೆ ನಂಬಬಹುದಾದ ಗುರುತು ಒಂದಿದೆ. ಮೆಟ್ರೋ ರೈಲು ಸುರಕ್ಷತಾ ಆಯುಕ್ತರ ಪರಿಶೀಲನೆ ಮುಗಿಯದೆ ಯಾವ ಮಾರ್ಗದಲ್ಲೂ ಪ್ರಯಾಣಿಕರನ್ನು ಹತ್ತಿಸುವಂತಿಲ್ಲ. ವೈಟ್‌ಫೀಲ್ಡ್, ಬೆನ್ನಿಗಾನಹಳ್ಳಿ, ಮಾದಾವರ ಮತ್ತು ಹಳದಿ ಮಾರ್ಗ ಈ ನಾಲ್ಕರಲ್ಲೂ ಆ ಪರಿಶೀಲನೆಯಾದ ಬಳಿಕ ಸುಮಾರು ಎರಡರಿಂದ ಐದು ವಾರಗಳಲ್ಲಿ ಸಂಚಾರ ಶುರುವಾಯಿತು. ಸ್ಕೂಟರ್ ಮಾರುವ, ವ್ಯಾನ್ ಬಿಡಿಸುವ ಯೋಚನೆಯನ್ನು ಆಯುಕ್ತರು ಬಂದು ಹೋದ ಮೇಲೆ ಮಾಡಿ.

ಕೆಲಸ ನಡೆಯುವಾಗ ಬಸ್ಸು

ಕಾಮಗಾರಿಯ ವರ್ಷಗಳಲ್ಲಿ ನಿಮ್ಮ ಸಾರ್ವಜನಿಕ ಸಾರಿಗೆಯೆಂದರೆ ಬಿಎಂಟಿಸಿ ಬಸ್ಸೇ. ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರದ ಕಡೆಗೆ 2019ರಲ್ಲಿ ಬಸ್ಸಿಗೆಂದೇ ಪ್ರತ್ಯೇಕ ಪಥ ಮಾಡಲಾಗಿತ್ತು, 500-ಡಿಯಂತಹ ಬಸ್ಸುಗಳಿಗೆ ಅದರಿಂದ ಅನುಕೂಲವೂ ಆಗಿತ್ತು. ನೀಲಿ ಮಾರ್ಗದ ಕಾಮಗಾರಿ ಬಂದಾಗ ಆ ಪಥ ಹೋಯಿತು. ಬಹಳ ಜನರನ್ನು ಸಾಗಿಸುವ ವಾಹನಕ್ಕೆ ಇದ್ದ ಜಾಗವನ್ನು, ಇನ್ನೂ ಹೆಚ್ಚು ಜನರನ್ನು ಸಾಗಿಸುವ ರೈಲಿಗಾಗಿ ಕಿತ್ತುಕೊಂಡದ್ದು ವಿಪರ್ಯಾಸವೇ ಸರಿ, ಆದರೆ ಪ್ರಯಾಣಿಕರು ಇರುವ ಸ್ಥಿತಿಯಲ್ಲೇ ದಾರಿ ಕಂಡುಕೊಳ್ಳಬೇಕು.

ಮೊದಲು ತಿಳಿದಿರಬೇಕಾದದ್ದು, ಬ್ಯಾರಿಕೇಡ್ ಸರಿದಾಗಲೆಲ್ಲ ಬಸ್ ನಿಲುಗಡೆಯೂ ಸರಿಯುತ್ತದೆ. ತಂಗುದಾಣ ಹಳೆಯ ಜಾಗದಲ್ಲೇ ಇದ್ದು, ಅದರ ಮುಂದೆ ತಗಡಿನ ಗೋಡೆ ಎದ್ದಿರುತ್ತದೆ. ಬಸ್ಸು ನೂರು ಇನ್ನೂರು ಅಡಿ ಮುಂದೆ, ಎರಡು ತಗಡುಗಳ ನಡುವೆ ಜಾಗ ಬಿಟ್ಟಲ್ಲಿ ಅಥವಾ ಸರ್ವಿಸ್ ರಸ್ತೆ ಕೂಡುವಲ್ಲಿ ನಿಲ್ಲುತ್ತದೆ. ಆ ಜಾಗದಲ್ಲಿ ಫಲಕವಿರುವುದಿಲ್ಲ. ಬೆಳಗಿನ ಹೊತ್ತು ಹತ್ತಾರು ಜನ ಬ್ಯಾಗ್ ಹಿಡಿದು ಒಂದೇ ದಿಕ್ಕಿಗೆ ಕತ್ತು ತಿರುಗಿಸಿ ನಿಂತಿದ್ದರೆ ಅದೇ ಹೊಸ ನಿಲುಗಡೆ ಎಂದು ತಿಳಿಯಬೇಕು. ಮೊಬೈಲ್ ಆ್ಯಪ್ ತೋರಿಸುವ ನಿಲುಗಡೆಗಿಂತ ಕಂಡಕ್ಟರ್ ಹೇಳಿದ ಜಾಗಕ್ಕೆ ಹೆಚ್ಚು ಬೆಲೆ ಕೊಡಿ. ಇಳಿಯುವಾಗ ‘ನಾಳೆ ಬೆಳಿಗ್ಗೆ ಈ ಬಸ್ಸು ಎಲ್ಲಿ ನಿಲ್ಲುತ್ತೆ ಸಾರ್’ ಎಂದು ಕೇಳಿಟ್ಟುಕೊಂಡರೆ ಮರುದಿನದ ಪರದಾಟ ತಪ್ಪುತ್ತದೆ. ರಾತ್ರಿ ಹೊತ್ತು ಬಸ್ಸು ಫ್ಲೈಓವರ್ ಮೇಲೆ ಹೋಗುವುದೋ ಕೆಳಗಿನಿಂದ ಬರುವುದೋ ಎಂಬುದನ್ನೂ ಕೇಳಿಕೊಳ್ಳಿ.

ಎರಡನೆಯದಾಗಿ, ಪ್ರಯಾಣದ ಸಮಯವನ್ನು ಸರಾಸರಿಯಲ್ಲಿ ಲೆಕ್ಕ ಹಾಕಬೇಡಿ. ಕಾಮಗಾರಿ ರಸ್ತೆಯಲ್ಲಿ ನಿಧಾನಕ್ಕಿಂತ ಅನಿಶ್ಚಿತತೆ ಹೆಚ್ಚು ಕಾಡುತ್ತದೆ. ಸಾಮಾನ್ಯ ದಿನಗಳಲ್ಲಿ ಹೆಚ್ಚೂಕಡಿಮೆ ಒಂದೇ ಹೊತ್ತು ಹಿಡಿಯುವ ದಾರಿ, ಮಳೆ ಬಂದ ದಿನ ಅಥವಾ ಕ್ರೇನ್ ನಿಂತ ದಿನ ಎರಡು ಪಟ್ಟು ಹೊತ್ತು ತಿನ್ನುತ್ತದೆ. ಪರೀಕ್ಷೆ, ಸಂದರ್ಶನ, ಆಸ್ಪತ್ರೆ, ರೈಲು, ವಿಮಾನ ಇವುಗಳಿಗೆ ಹೊರಡುವಾಗ ನೀವು ಕಂಡ ಅತಿ ಕೆಟ್ಟ ದಿನದ ಲೆಕ್ಕ ಹಿಡಿಯಿರಿ, ಮಾಮೂಲಿ ಕೆಲಸಕ್ಕೆ ಮಾಮೂಲಿ ಲೆಕ್ಕ ಸಾಕು. ಕಚೇರಿಯಲ್ಲಿ ವಾರಕ್ಕೆ ಇಂತಿಷ್ಟು ದಿನ ಮನೆಯಿಂದ ಕೆಲಸ ಮಾಡಲು ಅವಕಾಶವಿದ್ದರೆ ಅದನ್ನು ಸೋಮವಾರ ಶುಕ್ರವಾರಗಳಿಗೆ ಕಟ್ಟಿಹಾಕದೆ, ಎಲ್ಲರೂ ಕಚೇರಿಗೆ ಹೋಗುವ ವಾರದ ನಡುವಿನ ದಿನಗಳಿಗೆ ಇಟ್ಟುಕೊಳ್ಳುವುದರಿಂದ ಲಾಭ ಹೆಚ್ಚು.

ನಡೆಯುವವರ ಸುರಕ್ಷತೆಯನ್ನು ಬೇರೆಯಾಗಿ ಹೇಳಬೇಕಾಗಿದೆ. 2023ರ ಜನವರಿ 10ರಂದು ನಾಗವಾರದ ಬಳಿ ಪಿಲ್ಲರಿನ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ ಬೈಕಿನಲ್ಲಿದ್ದ ತಾಯಿ ಮತ್ತು ಪುಟ್ಟ ಮಗು ಮೃತಪಟ್ಟರು. 2025ರ ಏಪ್ರಿಲ್‌ನಲ್ಲಿ ಕೋಗಿಲು ಕ್ರಾಸ್ ಬಳಿ, ಸಾಗಿಸುತ್ತಿದ್ದ ಗರ್ಡರ್, ಅಂದರೆ ಭಾರಿ ಕಾಂಕ್ರೀಟ್ ತೊಲೆ, ಟ್ರೇಲರಿನಿಂದ ಜಾರಿ ಆಟೋ ಚಾಲಕರೊಬ್ಬರು ಪ್ರಾಣ ಕಳೆದುಕೊಂಡರು. ಕಾಂಕ್ರೀಟ್ ಹಾಕದ, ಬರೀ ಕಂಬಿ ಎದ್ದು ನಿಂತ ಪಿಲ್ಲರಿನ ಪಕ್ಕದಲ್ಲಿ ಬಸ್ಸಿಗೆ ಕಾಯಬೇಡಿ; ಕ್ರೇನ್ ತೋಳಿನ ಕೆಳಗೆ ಹಾದುಹೋಗುವ ಕಾಲುದಾರಿಯಿದ್ದರೆ ರಸ್ತೆಯ ಆಚೆ ಬದಿಗೆ ದಾಟಿ; ಗರ್ಡರ್ ಹೊತ್ತ ಲಾರಿ ತಿರುವು ತೆಗೆದುಕೊಳ್ಳುವಾಗ ಬೈಕನ್ನು ಅದರ ಪಕ್ಕಕ್ಕೆ ನುಗ್ಗಿಸದೆ ಹಿಂದೆಯೇ ನಿಲ್ಲಿಸಿ.

ಅರ್ಧ ತೆರೆದ ಮಾರ್ಗ

ನಮ್ಮ ಮೆಟ್ರೋದ ಮಾರ್ಗಗಳು ತುಂಡು ತುಂಡಾಗಿಯೇ ತೆರೆಯುತ್ತ ಬಂದಿವೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆ ನಡುವೆ ಮೊದಲ ರೈಲು ಓಡಿತು, ಆದರೆ ಮೊದಲ ಹಂತದ 42.3 ಕಿಲೋಮೀಟರ್ ಪೂರ್ಣಗೊಂಡದ್ದು 2017ರ ಜೂನ್‌ನಲ್ಲಿ. ತುಂಡು ಮಾರ್ಗವೊಂದು ತೆರೆದಾಗ ಅದನ್ನು ಬಳಸಬೇಕೇ ಬೇಡವೇ ಎಂದು ನಿರ್ಧರಿಸಲು ರೈಲಿನೊಳಗಿನ ನಿಮಿಷಗಳನ್ನಷ್ಟೇ ನೋಡಿದರೆ ಸಾಲದು. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಲ್ಲಿ ಕಾಯುವುದಕ್ಕೆ, ತುಂಡು ಮುಗಿದಲ್ಲಿ ಇಳಿದು ಫೀಡರ್ ಬಸ್ಸು ಹಿಡಿಯುವುದಕ್ಕೆ, ಮತ್ತೆ ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಂತು ಒಳಹೋಗುವುದಕ್ಕೆ ಎಷ್ಟಾಗುತ್ತದೆಂದು ಕೂಡಿಸಿ ನೋಡಬೇಕು. 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗಿನ ಭಾಗ ಉದ್ಘಾಟನೆಯಾದಾಗ ಬೈಯಪ್ಪನಹಳ್ಳಿಯ ಕೊಂಡಿ ಇನ್ನೂ ಬಾಕಿಯಿತ್ತು. ಅದು ತೆರೆದದ್ದು ಅಕ್ಟೋಬರ್ 9ರಂದು. ನಡುವಿನ ಆರೂವರೆ ತಿಂಗಳು ನಗರದ ಒಳಗಿನಿಂದ ವೈಟ್‌ಫೀಲ್ಡ್‌ಗೆ ಹೋಗುವವರು ಬೈಯಪ್ಪನಹಳ್ಳಿಯಲ್ಲಿ ಇಳಿದು, ಬಸ್ಸು ಹತ್ತಿ, ಕೃಷ್ಣರಾಜಪುರದಲ್ಲಿ ಮತ್ತೆ ರೈಲು ಏರಬೇಕಿತ್ತು. ಟಿನ್ ಫ್ಯಾಕ್ಟರಿಯ ದಟ್ಟಣೆಯಲ್ಲಿ ಆ ಎರಡು ಕಿಲೋಮೀಟರಿಗೆ ಎಷ್ಟು ಹೊತ್ತು ಬೇಕೆಂಬುದರ ಮೇಲೆ ಇಡೀ ಲೆಕ್ಕ ನಿಂತಿತ್ತು. ಇಂಥ ಸಂದರ್ಭದಲ್ಲಿ ನಡುವೆ ಲಗೇಜು ಅಥವಾ ವಯಸ್ಸಾದವರು ಜೊತೆಗಿದ್ದರೆ ನೇರ ಬಸ್ಸೇ ಮೇಲು, ಒಬ್ಬರೇ ಇದ್ದು ಮೆಟ್ಟಿಲು ಹತ್ತಿಳಿಯುವ ಶಕ್ತಿ ಇದ್ದರೆ ರೈಲು ಮೇಲು.

ಹೊಸ ಮಾರ್ಗದಲ್ಲಿ ರೈಲುಗಳ ಸಂಖ್ಯೆಯೂ ಕಡಿಮೆ. ಹಳದಿ ಮಾರ್ಗ ಮೂರೇ ರೈಲುಗಳೊಂದಿಗೆ, 25 ನಿಮಿಷಕ್ಕೊಂದರಂತೆ ಶುರುವಾಯಿತು. ನಾಲ್ಕನೆಯ ರೈಲು ಸೇರಿದಾಗ ಅಂತರ 19 ನಿಮಿಷಕ್ಕೆ, ಐದನೆಯದು ಸೇರಿದಾಗ 15 ನಿಮಿಷಕ್ಕೆ ಇಳಿಯಿತು. ನೇರಳೆ ಮಾರ್ಗದ ಅಭ್ಯಾಸದಲ್ಲಿ ‘ಹೋದಾಗ ರೈಲು ಸಿಗುತ್ತದೆ’ ಎಂದು ಹೊರಡದೆ, ಹೊರಡುವ ಸಮಯವನ್ನು ವೇಳಾಪಟ್ಟಿಗೆ ಹೊಂದಿಸಿಕೊಳ್ಳಿ. ಒಂದು ರೈಲು ತಪ್ಪಿದರೆ ಮುಂದಿನದರಲ್ಲಿ ಎರಡು ರೈಲಿನ ಜನ ಇರುತ್ತಾರೆ ಎಂಬುದೂ ನೆನಪಿರಲಿ.

ಓಡುತ್ತಿರುವ ಮಾರ್ಗ ನಿಂತಾಗ

ನಮ್ಮ ಮೆಟ್ರೋ ರೈಲಿಗೆ ವಿದ್ಯುತ್ ಬರುವುದು ಹಳಿಯ ಪಕ್ಕದ ಮೂರನೆಯ ಹಳಿಯಿಂದ, 750 ವೋಲ್ಟ್ ಒತ್ತಡದಲ್ಲಿ. ಅದನ್ನು ಸ್ಥಗಿತಗೊಳಿಸದೆ ಯಾರೂ ಹಳಿಗೆ ಇಳಿಯುವಂತಿಲ್ಲವಾದ್ದರಿಂದ ರಾತ್ರಿಯ ಕೊನೆಯ ರೈಲು ಮತ್ತು ಬೆಳಗಿನ ಮೊದಲ ರೈಲಿನ ನಡುವಿನ ಕೆಲವೇ ಗಂಟೆಗಳಲ್ಲಿ ದುರಸ್ತಿ ಮುಗಿಸಬೇಕಾಗುತ್ತದೆ. ಆ ಸಮಯ ಸಾಲದಾದಾಗ ಭಾನುವಾರ ಬೆಳಗಿನ ಸಂಚಾರವನ್ನು ಒಂದು ಭಾಗದಲ್ಲಿ ಕಡಿತ ಮಾಡುತ್ತಾರೆ. ಹೊಸ ಮಾರ್ಗವನ್ನು ಹಳೆಯದಕ್ಕೆ ಜೋಡಿಸುವಾಗ ಒಂದು ಬೆಳಗು ಸಾಲದೆ ದಿನಗಳೇ ಬೇಕಾಗುತ್ತವೆ. 2024ರಲ್ಲಿ ಮಾದಾವರ ವಿಸ್ತರಣೆಗಾಗಿ ಪೀಣ್ಯ ಇಂಡಸ್ಟ್ರಿ ಮತ್ತು ನಾಗಸಂದ್ರ ನಡುವೆ ಹಾಗೆಯೇ ಸಂಚಾರ ನಿಲ್ಲಿಸಲಾಯಿತು.

ಇಂತಹ ಪ್ರಕಟಣೆಯನ್ನು ಓದುವಾಗ ಮೂರು ಸಂಗತಿ ಹುಡುಕಿ: ಯಾವ ಎರಡು ನಿಲ್ದಾಣಗಳ ನಡುವೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಉಳಿದ ಭಾಗದಲ್ಲಿ ಮಾಮೂಲಿ ಅಂತರವೇ ಇರುತ್ತದೆಯೇ. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ. ನಡುವಿನ ಭಾಗ ಮುಚ್ಚಿದರೆ ಎರಡು ಬದಿಗಳಲ್ಲಿ ರೈಲುಗಳು ಗಿಡ್ಡ ಸುತ್ತು ಹಾಕುತ್ತವೆ, ಆದ್ದರಿಂದ ಅಂತರವೂ ಬದಲಾಗಬಹುದು. ಭಾನುವಾರ ಸಂಚಾರ ಬೆಳಿಗ್ಗೆ 7ಕ್ಕೆ ಶುರುವಾಗುತ್ತದೆ, ಊರಿಂದ ಮರಳುವವರ ಅನುಕೂಲಕ್ಕೆ 2025ರ ಜನವರಿಯಿಂದ ನೇರಳೆ ಮತ್ತು ಹಸಿರು ಮಾರ್ಗಗಳಲ್ಲಿ ಸೋಮವಾರ 4.15ಕ್ಕೇ ಶುರುವಾಗುತ್ತಿದೆ. ಭಾನುವಾರ ಬೆಳಿಗ್ಗೆ ಪರ ಊರಿನ ರೈಲು ಹಿಡಿಯಬೇಕಾದವರು ಮೆಟ್ರೋವನ್ನು ನೆಚ್ಚದೆ ಹಿಂದಿನ ರಾತ್ರಿಯೇ ಬೇರೆ ವ್ಯವಸ್ಥೆ ಮಾಡಿಕೊಳ್ಳಲಿ.

ಮುನ್ಸೂಚನೆಯಿಲ್ಲದೆ ನಿಂತರೆ ನಡೆದುಕೊಳ್ಳುವ ರೀತಿ ಬೇರೆ. 2023ರ ಅಕ್ಟೋಬರ್ 3ರಂದು ರಾಜಾಜಿನಗರದ ಬಳಿ ಹಳಿ ನಿರ್ವಹಣೆಯ ವಾಹನವೊಂದು ಹಳಿ ತಪ್ಪಿ ಹಸಿರು ಮಾರ್ಗ ಬಹಳ ಹೊತ್ತು ಅಸ್ತವ್ಯಸ್ತಗೊಂಡಿತ್ತು. ಪ್ಲಾಟ್‌ಫಾರ್ಮಿನ ಘೋಷಣೆಯಲ್ಲಿ ‘ತಾಂತ್ರಿಕ ಕಾರಣ’ ಎಂದಷ್ಟೇ ಕೇಳಿಬಂದು, ಎದುರು ದಿಕ್ಕಿನ ರೈಲುಗಳೂ ಬರದಿದ್ದರೆ ತೊಂದರೆ ದೊಡ್ಡದಿದೆ ಎಂದು ತಿಳಿದು ನಿಲ್ದಾಣದಿಂದ ಹೊರಬರುವುದು ಒಳ್ಳೆಯದು. ಎದುರು ದಿಕ್ಕಿನಲ್ಲಿ ರೈಲು ಓಡುತ್ತಿದ್ದರೆ ಸ್ವಲ್ಪ ಕಾಯಬಹುದು. ಹೊರಬಂದವರು ನಿಲ್ದಾಣದ ಬಾಗಿಲಲ್ಲೇ ಆಟೋಗೆ ಮುಗಿಬೀಳುವುದರಿಂದ ದರ ಏರುತ್ತದೆ. ಮುಂದಿನ ಬಸ್ ನಿಲುಗಡೆಯವರೆಗೆ ನಡೆದುಬಿಡಿ. ಒಳಗೆ ಹೆಚ್ಚು ಹೊತ್ತು ಉಳಿದ ಕಾರಣ ಗೇಟ್ ತೆರೆಯದಿದ್ದರೆ ದಂಡ ಕಟ್ಟಿ ಸುಮ್ಮನಾಗದೆ, ಗ್ರಾಹಕ ಸೇವಾ ಕೇಂದ್ರದ ಸಿಬ್ಬಂದಿಗೆ ಕಾರಣ ತಿಳಿಸಿ.

ದೂರು ಮತ್ತು ದಾಖಲೆ

ದೂರು ಯಾರಿಗೆ ಎಂಬುದರಲ್ಲೇ ಅರ್ಧ ಶ್ರಮ ವ್ಯರ್ಥವಾಗುತ್ತದೆ. ಬ್ಯಾರಿಕೇಡ್‌ಗೆ ತಾಗಿದ ರಸ್ತೆಯ ಗುಂಡಿ, ದೀಪ, ನಿಂತ ನೀರು ಇವು ಸಾಮಾನ್ಯವಾಗಿ ಕಾಮಗಾರಿ ನಡೆಸುವ ಸಂಸ್ಥೆಯ ಹೊಣೆ. ಅಡ್ಡರಸ್ತೆಗಳದ್ದು ನಗರಪಾಲಿಕೆಯ ಹೊಣೆ, 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿರುವುದರಿಂದ ನಿಮ್ಮದು ಯಾವುದೆಂದು ನೋಡಿಕೊಳ್ಳಿ. ಮಾರ್ಗ ಬದಲಾವಣೆ ಸಂಚಾರ ಪೊಲೀಸರದ್ದು, ಬಸ್ ನಿಲುಗಡೆ ಬಿಎಂಟಿಸಿಯದ್ದು. ದೂರಿನಲ್ಲಿ ಪಿಲ್ಲರ್ ಸಂಖ್ಯೆ ಬರೆಯಿರಿ. ಪ್ರತಿ ಪಿಲ್ಲರಿಗೂ ಸಂಖ್ಯೆ ಇರುತ್ತದೆ. ‘ಮಾರತ್ತಹಳ್ಳಿ ಹತ್ತಿರ’ ಎಂದು ಬರೆದ ಅರ್ಜಿಗಿಂತ ಪಿಲ್ಲರ್ ಸಂಖ್ಯೆ, ದಿನಾಂಕ, ಫೋಟೋ ಇರುವ ಅರ್ಜಿ ಸ್ಥಳದ ಎಂಜಿನಿಯರನ್ನು ಬೇಗ ತಲುಪುತ್ತದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳುವಾಗಲೂ ‘ಏಕೆ ತಡ’ ಎಂದು ಕೇಳಬೇಡಿ, ಅದಕ್ಕೆ ನುಣುಚಿಕೊಳ್ಳುವ ಉತ್ತರ ಬರುತ್ತದೆ. ಗುತ್ತಿಗೆಯ ಅವಧಿ ವಿಸ್ತರಿಸಿದ ಆದೇಶದ ಪ್ರತಿ, ರಸ್ತೆ ಮುಚ್ಚಲು ಕೊಟ್ಟ ಅನುಮತಿಯ ಪ್ರತಿ ಎಂದು ದಾಖಲೆಯನ್ನೇ ಹೆಸರಿಸಿ ಕೇಳಿ. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದೆ, ಬಾರದಿದ್ದರೆ ಮೇಲ್ಮನವಿ ಸಲ್ಲಿಸಬಹುದು.

ಮುಂದಿನ ಸರದಿ ನಗರದ ಪಶ್ಚಿಮ ಭಾಗದ್ದು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೂರನೆಯ ಹಂತದಲ್ಲಿ ಜೆ.ಪಿ. ನಗರ ನಾಲ್ಕನೇ ಹಂತದಿಂದ ಕೆಂಪಾಪುರಕ್ಕೂ ಹೊಸಹಳ್ಳಿಯಿಂದ ಕಡಬಗೆರೆಗೂ ಒಟ್ಟು 44.65 ಕಿಲೋಮೀಟರ್ ಮಾರ್ಗ ಬರಲಿದೆ. ಹೊರ ವರ್ತುಲ ರಸ್ತೆಯ ಪಶ್ಚಿಮ ಭಾಗ ಮತ್ತು ಮಾಗಡಿ ರಸ್ತೆಯಲ್ಲಿ ಇರುವವರು ಬ್ಯಾರಿಕೇಡ್ ಏಳುವ ಮೊದಲೇ ಮಾಡಿಕೊಳ್ಳಬೇಕಾದ ಕೆಲಸವಿದೆ. ರಸ್ತೆಯ ಅಂಚಿನ ಕಟ್ಟಡವಾದರೆ ಪೈಲಿಂಗ್ ಶುರುವಾಗುವ ಮುನ್ನ ಗೋಡೆ, ಚಾವಣಿ, ಸಂಪು, ಕಾಂಪೌಂಡುಗಳ ಸ್ಥಿತಿಯನ್ನು ದಿನಾಂಕ ಮೂಡುವಂತೆ ಫೋಟೋ ತೆಗೆದಿಡಿ. ಈಗಾಗಲೇ ಇರುವ ಬಿರುಕುಗಳ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ತೆಗೆಯಿರಿ. ಗುತ್ತಿಗೆದಾರರ ಕಡೆಯವರು ಕಟ್ಟಡ ಸಮೀಕ್ಷೆಗೆ ಬಂದರೆ ಅವರು ಬರೆದುಕೊಂಡದ್ದರ ಒಂದು ಪ್ರತಿಯನ್ನು ಸಹಿ ಹಾಕಿಸಿ ಪಡೆದುಕೊಳ್ಳಿ. ಬಾಡಿಗೆಗೆ ಇರುವವರು ಹನ್ನೊಂದು ತಿಂಗಳ ಕರಾರನ್ನು ನವೀಕರಿಸುವಾಗ, ಮನೆಯ ಮುಂದಿನ ರಸ್ತೆ ಮುಚ್ಚಿದರೆ ಒಂದು ತಿಂಗಳ ಸೂಚನೆಯ ಮೇಲೆ ಮುಂಗಡ ಹಣ ಕಡಿತವಿಲ್ಲದೆ ಖಾಲಿ ಮಾಡಬಹುದೆಂಬ ಒಂದು ಸಾಲನ್ನು ಸೇರಿಸಿಕೊಳ್ಳಲಿ.